ಹೆಸರು ತಿದ್ದೋ ಪುಟ: ಮೆಸೇಜಿಂಗ್ ಆಪ್‌ನಲ್ಲಿ ಯಾರ ಹೆಸರು ಯಾರ ಕೈಯಲ್ಲಿ?

ಮಿನಿ ಪ್ರಾಜೆಕ್ಟಿಗೆ ಚಾಟ್ ಆಪ್ ಆರಿಸಿಕೊಂಡ ಯಾವ ಟೀಮಿನ ರಿಪೋರ್ಟ್ ಬೇಕಾದರೂ ತೆಗೆದು ನೋಡ್ರಿ. ಸಾಕೆಟ್, ಎನ್‌ಕ್ರಿಪ್ಷನ್, ಡಬಲ್ ಟಿಕ್ ಬಗ್ಗೆ ಪುಟಗಟ್ಟಲೆ ಇರುತ್ತದೆ. 'ಎಡಿಟ್ ಪ್ರೊಫೈಲ್', 'ಎಡಿಟ್ ಕಾಂಟ್ಯಾಕ್ಟ್' ಅನ್ನೋ ಎರಡು ಸ್ಕ್ರೀನಿಗೆ ಮಾತ್ರ ಒಂದೊಂದು ಸ್ಕ್ರೀನ್‌ಶಾಟ್. ನಾಲ್ಕು ಬಾಕ್ಸ್, ಒಂದು ಸೇವ್ ಬಟನ್, ಅದರಾಗ ಏನೈತಿ ಅಂತ ಎಲ್ಲರೂ ಮುಂದೆ ಹೋಗುತ್ತಾರೆ. ಆದರೆ ಮೆಸೇಜ್ ಬಂದಾಗ ನಾವು ಮೊದಲು ನೋಡೋದು ಹೆಸರನ್ನೇ. ಆ ಹೆಸರು ಈ ಎರಡು ಸ್ಕ್ರೀನಿನಿಂದ ಬರುತ್ತದೆ. ಅದನ್ನು ನಂಬಿಯೇ ಓಟಿಪಿ ಹೇಳುತ್ತೇವೆ, ದುಡ್ಡು ಕಳಿಸುತ್ತೇವೆ. ಹಾಗಾಗಿ ಈ ಪುಟಗಳನ್ನು ಹೇಗೆ ಡಿಸೈನ್ ಮಾಡಬೇಕು, ಅದರಲ್ಲೂ ನಮ್ಮ ಕಡೆಯ ಹೆಸರುಗಳಿಗೆ ಏನೇನು ಬೇಕು ಅಂತ ನೋಡೋಣ.

ಒಬ್ಬರು, ಹಲವು ಹೆಸರು

ಧಾರವಾಡದ್ದೇ ಉದಾಹರಣೆ ತಗೊಳ್ಳೋಣ. ದಾಖಲೆಯಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಅವರು ತಾವೇ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಊರಿನ ಜನ ಕರೆಯೋದು ಬೇಂದ್ರೆ ಅಜ್ಜ. ಇವತ್ತಿನ ಆಪ್‌ನಲ್ಲಿ ಇವರಿದ್ದಿದ್ದರೆ ಅಂಬಿಕಾತನಯದತ್ತ ಅನ್ನೋದು ಪ್ರೊಫೈಲ್ ಹೆಸರಾಗುತ್ತಿತ್ತು, ಬೇಂದ್ರೆ ಅಜ್ಜ ಅನ್ನೋದು ನಮ್ಮ ಫೋನಿನ ಕಾಂಟ್ಯಾಕ್ಟ್ ಹೆಸರಾಗುತ್ತಿತ್ತು.

ಡಿಬಿಎಂಎಸ್ ಕಲಿತವರಿಗೆ ಇದು ಬೇಗ ಅರ್ಥ ಆಗುತ್ತದೆ. ಪ್ರೊಫೈಲ್ ಹೆಸರು ಯೂಸರ್ ಟೇಬಲ್‌ನಲ್ಲಿ ಒಂದೇ ಸಲ ಇರುತ್ತದೆ, ಅದನ್ನು ತಿದ್ದೋ ಹಕ್ಕು ಆ ವ್ಯಕ್ತಿಗೆ ಮಾತ್ರ. ಕಾಂಟ್ಯಾಕ್ಟ್ ಹೆಸರು ಬೇರೆ ಟೇಬಲ್. ಅದರ ಪ್ರೈಮರಿ ಕೀ ಎರಡು ಕಾಲಂ ಸೇರಿ ಆಗುತ್ತದೆ: ಸೇವ್ ಮಾಡಿದವರು ಯಾರು, ಯಾರನ್ನು ಸೇವ್ ಮಾಡಿದರು. ನಾನು ಒಬ್ಬರನ್ನು 'ಹಾಲಿನ ಬಸಣ್ಣ' ಅಂತ ಇಟ್ಟುಕೊಂಡರೆ ಅದು ನನ್ನದು, ಬಸಣ್ಣನಿಗೆ ಕಾಣಬಾರದು. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ನಾನು ತಿದ್ದಿದ್ದು ಊರಿಗೆಲ್ಲ ಕಾಣುತ್ತದೆ, ಇಲ್ಲಾ ಅವರು ತಿದ್ದಿದ ಕೂಡಲೇ ನಾನಿಟ್ಟ ಹೆಸರು ಹೋಗುತ್ತದೆ.

ಹಾಗಾದರೆ ಸ್ಕ್ರೀನಿನಲ್ಲಿ ಯಾವುದನ್ನು ತೋರಿಸಬೇಕು? ನಾನು ಸೇವ್ ಮಾಡಿದ ಹೆಸರು ಇದ್ದರೆ ಅದೇ ಮೊದಲು. ಇಲ್ಲದಿದ್ದರೆ ಪ್ರೊಫೈಲ್ ಹೆಸರು, ಆದರೆ ಒಂದು ಗುರುತಿನ ಜೊತೆ. ವಾಟ್ಸಾಪ್ ಗ್ರೂಪಿನಲ್ಲಿ ಸೇವ್ ಮಾಡದವರ ಹೆಸರಿನ ಹಿಂದೆ '~' ಅಂತ ಇರುತ್ತದಲ್ಲ, ಅದು ಇದೇ. 'ಈ ಹೆಸರು ಅವರೇ ಹೇಳಿಕೊಂಡಿದ್ದು, ನೀನು ಇಟ್ಟಿದ್ದಲ್ಲ' ಅಂತ ಅದರ ಅರ್ಥ. ಸಿಗ್ನಲ್ 2024ರಲ್ಲಿ ನಿಕ್‌ನೇಮ್ ಸೌಲಭ್ಯ ತಂದಿದ್ದೂ ಹೀಗೆ ನಮ್ಮದೇ ಹೆಸರು ಇಟ್ಟುಕೊಳ್ಳಲಿಕ್ಕೆ.

ಈ ಸಣ್ಣ ಗುರುತಿನ ಬೆಲೆ ದೊಡ್ಡದು. ಪ್ರೊಫೈಲ್ ಹೆಸರು, ಫೋಟೋ ಎರಡನ್ನೂ ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಬಹುದು. 'ಅವ್ವಾ, ನನ್ನ ಫೋನ್ ಕೆಟ್ಟೈತಿ, ಇದು ಹೊಸ ನಂಬರ್, ಲಗೂನ ಐದು ಸಾವಿರ ಹಾಕು' ಅಂತ ಮಗನ ಫೋಟೋ ಹಾಕಿಕೊಂಡು ಮೆಸೇಜ್ ಬಂದರೆ ಅವ್ವ ಫೋಟೋ ನೋಡುತ್ತಾಳೆ, '~' ನೋಡೋದಿಲ್ಲ. ಹಾಗಾಗಿ ಸೇವ್ ಆಗದ ನಂಬರಿನಿಂದ ಮೊದಲ ಮೆಸೇಜ್ ಬಂದಾಗ 'ಈ ನಂಬರ್ ನಿಮ್ಮ ಲಿಸ್ಟಿನಲ್ಲಿ ಇಲ್ಲ' ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪೂರ್ತಿ ನಂಬರಿನ ಜೊತೆ ತೋರಿಸಬೇಕು.

ಫಸ್ಟ್ ನೇಮ್ ಯಾವುದು, ಲಾಸ್ಟ್ ನೇಮ್ ಯಾವುದು?

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸಾಮಾನ್ಯವಾಗಿ ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು: ಹಿರೇಮಠ, ಅಂಗಡಿ, ಬಡಿಗೇರ, ಕುಲಕರ್ಣಿ. ಕೆಲವರಿಗೆ ಊರೇ ಅಡ್ಡಹೆಸರು, ಗಂಗೂಬಾಯಿ ಹಾನಗಲ್ ಅವರ ಹಾಗೆ. ಹಳೇ ಮೈಸೂರಿನ ಕಡೆ ಕ್ರಮ ಉಲ್ಟಾ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಊರು, ಅಪ್ಪ, ಆಮೇಲೆ ಸ್ವಂತ ಹೆಸರು. ಫಸ್ಟ್ ನೇಮ್ ನೋಡಿ ಸ್ವಾಗತ ಮಾಡೋ ಆಪ್ ಕುವೆಂಪು ಅವರಿಗೆ 'ನಮಸ್ಕಾರ ಕೆ.' ಅನ್ನುತ್ತದೆ!

ಕಾಂಟ್ಯಾಕ್ಟ್ ಫೈಲಿನ ಸ್ಟ್ಯಾಂಡರ್ಡ್ ಆದ ವಿಕಾರ್ಡ್‌ನಲ್ಲಿ ಇದಕ್ಕೆ ದಾರಿ ಇದೆ. ಅದರಲ್ಲಿ ಭಾಗ ಮಾಡಿದ ಹೆಸರಿಗೆ ಒಂದು ಫೀಲ್ಡ್, ಪೂರ್ತಿ ಹೆಸರಿಗೆ ಇನ್ನೊಂದು. 2011ರ 4.0 ಆವೃತ್ತಿಯಲ್ಲಿ ಪೂರ್ತಿ ಹೆಸರು ಮಾತ್ರ ಕಡ್ಡಾಯ. ನಾವೂ ಹಾಗೇ ಮಾಡಬಹುದು: 'ಹೆಸರು' ಅಂತ ಒಂದೇ ಬಾಕ್ಸ್. ಅಷ್ಟಕ್ಕೂ ನಮ್ಮ ಫೋನಿನಲ್ಲಿ ಇರೋದು 'ಕಾಕಾ ಧಾರವಾಡ', 'ವೈನಿ', 'ಗ್ಯಾಸ್ ಸಿಲಿಂಡರ್', 'ಪೇಢೆ ಅಂಗಡಿ'. ಇವಕ್ಕೆ ಲಾಸ್ಟ್ ನೇಮ್ ಎಲ್ಲಿಂದ ತರೋದು?

ಹುಡುಕೋದರ ಬಗ್ಗೆಯೂ ಯೋಚಿಸಬೇಕು. 'ಅಪ್ಪ' ಅಂತ ಕನ್ನಡದಲ್ಲಿ ಸೇವ್ ಮಾಡಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಸಾದಾ ಸರ್ಚ್‌ಗೆ ಸಿಗೋದಿಲ್ಲ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಉಚ್ಚಾರಣೆ ಬರೆಯೋಕೆ ಬೇರೆ ಫೀಲ್ಡ್ ಇದೆ. ನಮ್ಮ ಆಪ್ ಅಂಥದ್ದನ್ನು ತಾನೇ ತುಂಬಿಕೊಳ್ಳಬೇಕು. ಹಳೆಯ ಹೆಸರನ್ನೂ ಬಿಡಬಾರದು. 2014ರ ನವೆಂಬರ್ 1ರಿಂದ 'ಹುಬ್ಳಿ' ಅಧಿಕೃತವಾಗಿ 'ಹುಬ್ಬಳ್ಳಿ' ಆಯಿತು, ಆದರೂ ಎಷ್ಟೋ ಜನ ಇನ್ನೂ ಹಳೇ ಸ್ಪೆಲ್ಲಿಂಗ್‌ನಲ್ಲೇ ಹುಡುಕುತ್ತಾರೆ. ಹೆಸರು ತಿದ್ದಿದ ಮೇಲೂ ಹಳೇದು ಸರ್ಚ್‌ಗೆ ಸಿಗಬೇಕು.

ಕನ್ನಡ ಅಕ್ಷರ ಎಣಿಸೋದು ಹೇಗೆ?

'ಮಲ್ಲಿಕಾರ್ಜುನ' ಅಂತ ಬರೆದರೆ ನಮ್ಮ ಕಣ್ಣಿಗೆ 5 ಅಕ್ಷರ. ಯೂನಿಕೋಡ್‌ನಲ್ಲಿ 12 ಕೋಡ್ ಪಾಯಿಂಟ್. ಯುಟಿಎಫ್-8ನಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 36. ಡೇಟಾಬೇಸ್‌ನಲ್ಲಿ 30 ಬೈಟ್ ಮಿತಿ ಇಟ್ಟರೆ ಹೆಸರು 'ಮಲ್ಲಿಕಾರ್ಜ' ಅಂತ ನಿಲ್ಲುತ್ತದೆ. ಮಿತಿ ಇಡಲೇಬೇಕಾದರೆ ಕಣ್ಣಿಗೆ ಕಾಣೋ ಅಕ್ಷರಕ್ಕೆ ಇಡಬೇಕು.

ಫೋಟೋ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರವನ್ನು ಗುಂಡಗೆ ತೋರಿಸುತ್ತಾರಲ್ಲ, ಅಲ್ಲಿಯೂ ಇದೇ ಕಥೆ. 'ಶ್ರೀಕಾಂತ' ಅನ್ನೋದರ ಮೊದಲ ಕೋಡ್ ಪಾಯಿಂಟ್ ಬರೀ 'ಶ'. ನಮಗೆ ಬೇಕಿರೋದು 'ಶ್ರೀ'. ಒತ್ತಕ್ಷರ ಒಡೆಯಬಾರದು ಅನ್ನೋ ನಿಯಮವನ್ನು ಯೂನಿಕೋಡ್ 2023ರ 15.1 ಆವೃತ್ತಿಯಲ್ಲಿ ಕೆಲವು ಭಾರತೀಯ ಲಿಪಿಗಳಿಗೆ ಸೇರಿಸಿತು. ಆ ಪಟ್ಟಿಯಲ್ಲಿ ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಲೈಬ್ರರಿ ಕೊಟ್ಟಿದ್ದನ್ನು ಹಾಗೇ ನಂಬದೆ ಟೆಸ್ಟ್ ಮಾಡಬೇಕು.

ಇನ್ನೊಂದು, ವ್ಯಾಲಿಡೇಶನ್. 'ಹೆಸರಿನಲ್ಲಿ ಲೆಟರ್ ಮಾತ್ರ ಇರಲಿ' ಅಂತ ರೆಜೆಕ್ಸ್ ಬರೆದರೆ 'ಕಮಲ' ಪಾಸ್, 'ಕಮಲಾ' ಫೇಲ್! ಯಾಕೆಂದರೆ ದೀರ್ಘ, ಗುಣಿತದ ಚಿಹ್ನೆಗಳು, ಸೊನ್ನೆ ಇವೆಲ್ಲ ಯೂನಿಕೋಡ್‌ನಲ್ಲಿ 'ಮಾರ್ಕ್' ಅನ್ನೋ ಬೇರೆ ವರ್ಗ. ಕಣ್ಣಿಗೆ ಕಾಣದ ಅಕ್ಷರ ತೆಗೆದುಹಾಕೋಣ ಅಂತ ಹೋದರೆ 'ರಾಜ್‌ಕುಮಾರ್' ಹೋಗಿ 'ರಾಜ್ಕುಮಾರ್' ಆಗುತ್ತದೆ. ಮಧ್ಯದಲ್ಲಿ ಇರೋ ಕಾಣದ ಅಕ್ಷರವೇ ಒತ್ತು ಬರದ ಹಾಗೆ ತಡೆಯೋದು. ಹಾಗೇ 'ಗೋಪಾಲ'ದ 'ೋ' ಒಂದೇ ಕೋಡ್ ಪಾಯಿಂಟ್ ಆಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಸೇವ್ ಮಾಡೋ ಮುಂಚೆ ನಾರ್ಮಲೈಸ್ ಮಾಡದಿದ್ದರೆ ನೋಡಲಿಕ್ಕೆ ಒಂದೇ ಥರ ಇರೋ ಎರಡು ಗೋಪಾಲ ಸಿಗುತ್ತಾರೆ.

ನಂಬರ್ ಅಂದರೆ ಮನುಷ್ಯ ಅಲ್ಲ

ಹೆಸರು ಬದಲಾಗುತ್ತದೆ, ಹಾಗಾಗಿ ನಂಬರನ್ನೇ ಗುರುತು ಮಾಡೋಣ ಅನ್ನಿಸಬಹುದು. ಮೊದಲು ನಂಬರನ್ನು ಒಂದೇ ರೂಪಕ್ಕೆ ತರಬೇಕು. 0836ರಿಂದ ಶುರುವಾಗೋ ನಮ್ಮೂರಿನ ಲ್ಯಾಂಡ್‌ಲೈನ್ ಹೊರದೇಶದಿಂದ ಹಚ್ಚಿದರೆ +91 836 ಆಗುತ್ತದೆ. ಇ.164 ಅನ್ನೋ ಅಂತರರಾಷ್ಟ್ರೀಯ ಕ್ರಮದಲ್ಲಿ ದೇಶದ ಕೋಡ್ ಸೇರಿ ಗರಿಷ್ಠ 15 ಅಂಕಿ. ಯೂಸರ್ ಹೇಗೆ ಬೇಕಾದರೂ ಬರೆಯಲಿ, ಒಳಗೆ ಈ ರೂಪದಲ್ಲೇ ಇಡಬೇಕು.

ಆದರೆ ನಂಬರ್ ಕೂಡ ಕೈ ಬದಲಾಯಿಸುತ್ತದೆ. ನಮ್ಮ ದೇಶದಲ್ಲಿ ಬಂದ್ ಆದ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡೋ ಹಾಗಿಲ್ಲ. ಆಮೇಲೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಇದು ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಹಳೇ ಡೇಟಾ ಅಳಿಸಿಕೊಳ್ಳೋ ಎಚ್ಚರ ಗ್ರಾಹಕರದ್ದು ಅಂತ ಕೋರ್ಟ್ ಹೇಳಿತು. ಈಗ ಒಂದು ಮನೆ ನೆನೆಸಿಕೊಳ್ಳಿ. ಅಜ್ಜ ತೀರಿಕೊಂಡರು, ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಮೊಮ್ಮಗಳ ಫೋನಿನಲ್ಲಿ 'ಅಜ್ಜ' ಅನ್ನೋ ಹೆಸರಿನ ಕೆಳಗೆ ಯಾರೋ ಹುಡುಗನ ಫೋಟೋ, ಮೇಲೆ 'ಆನ್‌ಲೈನ್' ಅಂತ. ಅಜ್ಜ ಕಳಿಸಿದ ವಾಯ್ಸ್ ಮೆಸೇಜುಗಳು ಇರೋದೂ ಅದೇ ಚಾಟ್‌ನಲ್ಲಿ. ಅಳಿಸೋ ಹಾಗಿಲ್ಲ, ಇಟ್ಟುಕೊಂಡರೆ ಅಪರಿಚಿತನಿಗೆ ಅಜ್ಜನ ಹೆಸರು.

ಇದಕ್ಕೆ ಉತ್ತರ ಡಿಸೈನಿನಲ್ಲೇ ಇದೆ. ಪ್ರತಿ ಅಕೌಂಟಿಗೂ ನಂಬರಿಗಿಂತ ಬೇರೆ ಒಂದು ಐಡಿ ಕೊಡಬೇಕು, ನಂಬರ್ ಅದರ ಒಂದು ಕಾಲಂ ಅಷ್ಟೇ. ಕಾಂಟ್ಯಾಕ್ಟ್ ಹೆಸರು, ಹಳೇ ಚಾಟ್ ಎರಡೂ ಆ ಐಡಿಗೆ ಸೇರಿರಲಿ. ಅದೇ ನಂಬರಿನಲ್ಲಿ ಹೊಸ ಅಕೌಂಟ್ ಶುರುವಾದರೆ ಹಳೇ ಚಾಟ್ ಓದಲಿಕ್ಕೆ ಮಾತ್ರ ಉಳಿಯಲಿ, ಹೊಸಬರು ಹೊಸ ಚಾಟ್‌ನಲ್ಲಿ ಬರಲಿ. ಎಡಿಟ್ ಕಾಂಟ್ಯಾಕ್ಟ್ ಪುಟದಲ್ಲಿ 'ಈ ನಂಬರ್ ಈಗ ಇವರದ್ದಲ್ಲ' ಅಂತ ಒಂದು ಆಯ್ಕೆಯೂ ಇರಲಿ.

ಮುಂದಿನ ಸೆಮಿಸ್ಟರ್‌ನಲ್ಲಿ ಚಾಟ್ ಆಪ್ ಮಾಡೋರಿದ್ದರೆ ಡೆಮೋಗೆ ಮುಂಚೆ ನಿಮ್ಮ ಫಾರ್ಮಿನಲ್ಲಿ ಈ ಐದು ಹೆಸರು ಹಾಕಿ ನೋಡ್ರಿ: ಕಮಲಾ, ಶ್ರೀಕಾಂತ, ರಾಜ್‌ಕುಮಾರ್, ಮಲ್ಲಿಕಾರ್ಜುನ, ಬರೀ 'ಅವ್ವ'. ಐದೂ ಬರೆದ ಹಾಗೇ ವಾಪಸ್ ಬಂದರೆ, ನಿಮ್ಮ ಆಪ್ ನಮ್ಮೂರಿನವರು ಬಳಸಲಿಕ್ಕೆ ತಯಾರಾಗ್ತಾ ಐತಿ ಅಂತ ಅರ್ಥ.