ಬಳಸಿದ ಹೊಲಿಗೆ ಯಂತ್ರಕ್ಕೆ ಬೆಲೆ ಕಟ್ಟುವ ಬಗೆ

ಕಳೆದ ವೈಶಾಖದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಖಾನಾಪುರದಿಂದ ಬೆಳಗಾವಿಯ ನಮ್ಮ ಮನೆಗೆ ಬಂದಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಸಂಸಾರ ಸಾಗಿಸುವವಳು. ಕಾಲಿನಿಂದ ತುಳಿಯುವ ಮಶೀನು ಜೂನ್ ತಿಂಗಳ ಕೆಲಸಕ್ಕೆ ಸಾಲದೆಂದು, ಕೈಬಳೆಗಳನ್ನು ಒತ್ತೆಯಿಟ್ಟು ಕಾರಖಾನೆಯ ತರದ ಯಂತ್ರವೊಂದನ್ನು ಕೊಳ್ಳಲು ಹವಣಿಸಿದ್ದಳು. ಶಹಾಪುರದಲ್ಲಿ ಹೊಲಿಗೆಯ ಅಂಗಡಿಯನ್ನು ಮುಚ್ಚುತ್ತಿದ್ದ ವೃದ್ಧರೊಬ್ಬರು ತಮ್ಮದನ್ನು 16,000 ರೂಪಾಯಿಗೆ ಕೊಡುವೆನೆಂದಿದ್ದರು. “ಮಾಸ್ತರ, ಹತ್ತು ವರ್ಷದ್ದಂತ, ಇಷ್ಟು ಕೊಡೂದು ಸರಿ ಏನ್ರಿ?” ಎಂದು ಕೇಳಿದಳು. ವ್ಯಾಕರಣ ಕಲಿಸಿದವನಿಗೆ ಯಂತ್ರದ ಗೊಡವೆ ಎಲ್ಲಿಯದು? ಆದರೂ ಪರಿಚಯದ ಮಿಸ್ತ್ರಿಯೊಬ್ಬರನ್ನು ಕರೆದುಕೊಂಡು ಹೊರಟೆ.

ದಾರಿಯಲ್ಲಿ ನನಗೆ ನಾರದಸ್ಮೃತಿಯ ನಿಯಮವೊಂದು ನೆನಪಾಯಿತು. ಬಟ್ಟೆಯನ್ನು ಒಂದು ಸಲ ಒಗೆದರೆ ಬೆಲೆಯಲ್ಲಿ ಎಂಟನೆಯ ಒಂದು ಪಾಲು ಇಳಿಯುವದು. ಎರಡು ಸಲಕ್ಕೆ ಕಾಲು, ಮೂರಕ್ಕೆ ಮೂರನೆಯ ಒಂದು, ನಾಲ್ಕಕ್ಕೆ ಅರ್ಧ. ಸ್ಮೃತಿಕಾರನು ವರ್ಷಗಳನ್ನು ಎಣಿಸದೆ ಒಗೆತಗಳನ್ನು ಎಣಿಸಿದ್ದಾನೆಂಬದನ್ನು ವಾಚಕ ಭಗಿನಿಯರು ಗಮನಿಸಬೇಕು. ಯಂತ್ರಕ್ಕೂ ಇದೇ ನ್ಯಾಯ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲ ಯಂತ್ರವು ಎರಡು ಪಾಳಿ ದುಡಿದರೆ ಕೆಲವೇ ವರ್ಷಗಳಲ್ಲಿ ಸವೆಯುವದು. ಒಬ್ಬನೇ ಸಿಂಪಿಗನ ಕೈಯಲ್ಲಿದ್ದು ಹೊತ್ತುಹೊತ್ತಿಗೆ ಎಣ್ಣೆ ಕಂಡದ್ದು ಹತ್ತು ವರ್ಷಕ್ಕೂ ಗಟ್ಟಿಯಾಗಿರಬಹುದು. ಹೊಸದಾಗಿ ಬಣ್ಣ ಬಳಿದದ್ದನ್ನು ಕಂಡರಂತೂ ಸಂಶಯಪಡುವದೇ ಲೇಸು.

ಮಿಸ್ತ್ರಿಯು ಮೊದಲು ವಿದ್ಯುತ್ತು ನಿಲ್ಲಿಸಿ ಕೈಚಕ್ರವನ್ನು ಮೆಲ್ಲನೆ ತಿರುಗಿಸಿದರು, ಎಲ್ಲಿಯೂ ತಡೆಯಲಿಲ್ಲ. ಬಹಳ ದಿನ ಸುಮ್ಮನೆ ನಿಂತ ಯಂತ್ರದಲ್ಲಿ ಎಣ್ಣೆ ಅಂಟಾಗಿ ಚಕ್ರ ಬಿಗಿಯುವದುಂಟು. ಅದು ತೊಳೆದರೆ ಹೋಗುವ ದೋಷ. ಚಕ್ರವನ್ನು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲು ಕಂಡರೆ ಮಾತ್ರ ಒಳಗಿನ ದಂಡವೂ ಬುಶ್ಶೂ ಸವೆದಿವೆಯೆಂದು ತಿಳಿದು, ಅಗ್ಗಕ್ಕೆ ಸಿಕ್ಕರೂ ಬಿಡಬೇಕು. ಇಲ್ಲಿ ಆ ದೋಷವಿರಲಿಲ್ಲ. ಆದರೆ ಬಾಬಿನಿನ ಸುತ್ತ ತಿರುಗುವ ಹುಕ್ಕಿನ ಮೊನೆ ಮೊಂಡಾಗಿತ್ತು. ಹಾಗಾದರೆ ಅದು ಸೂಜಿಯ ದಾರದ ಕುಣಿಕೆಯನ್ನು ಹಿಡಿಯಲಾರದೆ ನಡುನಡುವೆ ಹೊಲಿಗೆ ತಪ್ಪುವದು. ಬಟ್ಟೆಯನ್ನು ಮುಂದೂಡುವ ಹಲ್ಲುಗಳೂ ಸವೆದಿದ್ದವು. ಮಾರುವವರು ಕೊಟ್ಟ ಚಿಂದಿಯ ಮೇಲೆ ಪರೀಕ್ಷೆ ಮಾಡದೆ, ನಮ್ಮವಳು ತಂದ ಸಮವಸ್ತ್ರದ ಬಟ್ಟೆಯನ್ನೇ ಎರಡು ಪದರ, ನಾಲ್ಕು ಪದರ ಮಾಡಿ ಹೊಲಿದು ಎರಡೂ ಮಗ್ಗಲು ನೋಡಿದೆವು. ಯಾಜ್ಞವಲ್ಕ್ಯನು ಕರೆಯುವ ಹಸುವಿನ ಪರೀಕ್ಷೆಗೆ ಮೂರು ದಿನ, ಕಬ್ಬಿಣಕ್ಕೆ ಒಂದು ದಿನ ಕೊಟ್ಟಿದ್ದಾನೆ. ನಾವು ಅರ್ಧ ದಿನ ಕುಳಿತೆವು. ಬಿಸಿಯಾದ ಮೇಲೆಯೇ ಕೆಲವು ಯಂತ್ರಗಳು ದನಿ ಬದಲಿಸುವವು.

ಮೋಟರು ಮೂರು ಫೇಜಿನದು. ಅವಳ ಮನೆಗಿರುವದು ಒಂದೇ ಫೇಜು. ಮೇಲಾಗಿ ಅದು ಹೊಲಿಯದಿರುವಾಗಲೂ ತಿರುಗುತ್ತಲೇ ಇರುವ ಹಳೆಯ ಕ್ಲಚ್ ಮೋಟರು. ಪೆಡಲು ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟರು ಹಾಕಿದರೆ ವಿದ್ಯುತ್ತಿನ ಬಿಲ್ಲೂ ಇಳಿಯುವದು.

ಅಂಥ ಮೋಟರಿನ ಸಹಿತ ಹೊಸ ಯಂತ್ರಕ್ಕೆ ಪೇಟೆಯಲ್ಲಿ ಅಂದು 24,000 ಕೇಳಿದರು. ಹೊಸದಕ್ಕೆ ಅಂಗಡಿಯವರ ಹೊಣೆ ಇರುವದು, ಹಳೆಯದಕ್ಕೆ ಇಲ್ಲ. ಆದುದರಿಂದ ಸಕಲ ವೆಚ್ಚವೂ ಸೇರಿ ಮುಕ್ಕಾಲು ಪಾಲನ್ನು, ಅಂದರೆ 18,000ವನ್ನು ಮೀರಕೂಡದೆಂದು ನಾನು ಗೆರೆ ಎಳೆದೆ. ಹುಕ್ಕು, ಹಲ್ಲು, ಕೂಲಿ ಕೂಡಿ 2,200, ಮೋಟರು 4,300, ಖಾನಾಪುರದ ವರೆಗೆ ಸುಮಾರು 26 ಕಿಲೋಮೀಟರಿನ ಸಾಗಾಟ 900. ಇವನ್ನು ಕಳೆದರೆ 10,600 ಉಳಿಯಿತು.

ಆಗ ಅವಳು ನನ್ನನ್ನು ಬದಿಗೆ ಕರೆದು, “ಅವರಿಗೆ ರೊಕ್ಕದ ಅಡಚಣಿ ಐತ್ರಿ ಮಾಸ್ತರ, ಏಳು ಸಾವಿರಕ್ಕ ಕೇಳೂಣ್ರಿ” ಎಂದಳು. ನನಗೆ ಸಿಟ್ಟು ಬಂದಿತು. ಹುಕ್ಕಿನ ಸವೆತವನ್ನು ಬೆಲೆಯಲ್ಲಿ ಕಳೆಯಬಹುದು. ಮಾರುವವನ ಅಡಚಣೆಯನ್ನು ಯಾವ ಲೆಕ್ಕದಲ್ಲಿ ಕಳೆಯುವದು? ಬಳೆ ಒತ್ತೆಯಿಟ್ಟವಳಿಗೆ ಇದನ್ನು ಹೇಳುವದು ಕಠಿಣವೇ ಆಗಿತ್ತು, ಆದರೂ ಹೇಳಿದೆ. ಅವಳು ತಲೆ ತಗ್ಗಿಸಿದಳು.

ಲೆಕ್ಕದ ಕಾಗದವನ್ನು ವೃದ್ಧರ ಮುಂದೆಯೇ ಇಟ್ಟೆವು. ಅವರು ಎರಡು ಸಲ ಓದಿ, ಮೋಟರನ್ನು ತಾವೇ ಇಟ್ಟುಕೊಂಡು ಬೇರೆ ಕಾರಖಾನೆಗೆ ಕೊಡುವದಾಗಿಯೂ ಯಂತ್ರ, ಮೇಜು, ಸ್ಟ್ಯಾಂಡುಗಳಿಗೆ 10,000 ಸಾಕೆಂದೂ ಹೇಳಿದರು. ಯಂತ್ರದ ಮೇಲಿನ ನಂಬರನ್ನು ಕಾಣಿಸಿ ಪಾವತಿ ಬರೆಯಿಸಿಕೊಂಡೆವು.

ಆಷಾಢದಲ್ಲಿ ಅವಳ ಪತ್ರ ಬಂದಿತು. ಹೊಲಿಗೆ ತಪ್ಪುವದಿಲ್ಲವಂತೆ, ಖಾನಾಪುರದ ಮಳೆಯ ಥಂಡಿಗೆ ಸೂಜಿಯ ದಂಡ ತುಕ್ಕು ಹಿಡಿಯದಂತೆ ದಿನಾಲು ಒರೆಸುತ್ತಾಳಂತೆ. ಬಳೆಗಳನ್ನು ದೀಪಾವಳಿಗೆ ಬಿಡಿಸುವಳಂತೆ.