ಕೂಸಿನ ಹೊಟ್ಟೆಯ ಗಂಟು: ಯಕೃತ್ತಿನ ವಿರಳ ಗಡ್ಡೆಯನ್ನು ಗುರುತಿಸುವ ಬಗೆ

ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯ ಕೈಗೆ ಬಲಗಡೆಯ ಪಕ್ಕೆಲುಬಿನ ಕೆಳಗೆ ಗಟ್ಟಿಯಾದದ್ದೇನಾದರೂ ತಗುಲಿದರೆ ಅದನ್ನು ಅಲಕ್ಷಿಸಲಾಗದು. ಹೆಪಟೋಬ್ಲಾಸ್ಟೋಮಾ ಎಂಬ ಯಕೃತ್ತಿನ ಕ್ಯಾನ್ಸರ್ ಅನೇಕ ವೇಳೆ ಮೊದಲು ಗೊತ್ತಾಗುವುದು ಹೀಗೆಯೇ, ನೋವಿಲ್ಲದ ಗಂಟಾಗಿ, ಮನೆಯವರ ಕೈಗೆ. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಈ ಕಾಯಿಲೆ ಬಹುಮಟ್ಟಿಗೆ 3 ವರ್ಷದೊಳಗಿನ ಮಕ್ಕಳದು. ಅವಧಿಗೆ ಮುನ್ನ, ತೀರಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಅದರ ಸಂಭವ ಹೆಚ್ಚು.

ಮಗು ಆಡಿಕೊಂಡೇ ಇರಬಹುದು. ಕಾಮಾಲೆ ಕಾಣಿಸುವುದು ಅಪರೂಪ. ಆದ್ದರಿಂದಲೇ ಜಂತುಹುಳು, ಅಜೀರ್ಣವೆಂದು ವಾರಗಳು ಕಳೆದುಹೋಗುತ್ತವೆ. ಹೊಟ್ಟೆ ಉಬ್ಬಿದ ಮಕ್ಕಳಲ್ಲಿ ಬಹುಪಾಲಿಗೆ ಕಾರಣ ಸಾಮಾನ್ಯವಾದದ್ದೇ ಆದರೂ, ಮೃದುವಾಗಿ ಉಬ್ಬಿದ ಹೊಟ್ಟೆ ಬೇರೆ, ಕೈಗೆ ಸಿಗುವ ಗಟ್ಟಿ ಗಂಟು ಬೇರೆ. ಅದನ್ನು ಒತ್ತಿ ತಿಕ್ಕಬಾರದು. ಬರೆ ಹಾಕಿಸುವುದಂತೂ ಸುಟ್ಟ ಗಾಯವನ್ನಷ್ಟೇ ಕೊಡುತ್ತದೆ.

ಮೊದಲನೆಯ ಪರೀಕ್ಷೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಗಡ್ಡೆ ಯಕೃತ್ತಿನದೋ ಮೂತ್ರಪಿಂಡದ್ದೋ ಎಂಬುದನ್ನು ಅದು ಬಹುತೇಕ ತಿಳಿಸುತ್ತದೆ. ಎರಡನೆಯದು ಆಲ್ಫಾ-ಫೀಟೋಪ್ರೋಟೀನ್, ಅಂದರೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆ. ಓದುವವರು ಎಡವುವುದು ಇಲ್ಲಿಯೇ. ವಯಸ್ಕರಲ್ಲಿ ಇದು ಮಿಲಿಲೀಟರಿಗೆ ಸುಮಾರು 10 ನ್ಯಾನೋಗ್ರಾಮಿನೊಳಗೆ ಇರುತ್ತದೆ. ಆಗತಾನೇ ಹುಟ್ಟಿದ ಆರೋಗ್ಯವಂತ ಶಿಶುವಿನಲ್ಲಿ ಹತ್ತಾರು ಸಾವಿರ! ವರ್ಷ ತುಂಬುವ ವೇಳೆಗೆ ಅದು ತಾನಾಗಿ ಇಳಿಯುತ್ತದೆ. ಆದುದರಿಂದ ಲ್ಯಾಬಿನ ವರದಿಯಲ್ಲಿ ಅಚ್ಚಾದ ವಯಸ್ಕರ ಮಿತಿಗೆ ಹೋಲಿಸಿ ಗಾಬರಿಯಾಗುವುದೂ ತಪ್ಪು, ಗಡ್ಡೆ ಇದ್ದರೂ ಸಂಖ್ಯೆ ಕಡಿಮೆಯೆಂದು ನೆಮ್ಮದಿಪಡುವುದೂ ತಪ್ಪು. ಈ ಕಾಯಿಲೆಯ ಹೆಚ್ಚಿನ ಮಕ್ಕಳಲ್ಲಿ ಎ.ಎಫ್.ಪಿ. ಬಹಳ ಏರಿರುತ್ತದೆ, ಏರದೆ 100ಕ್ಕಿಂತ ಕೆಳಗೇ ಉಳಿದರೆ ಅದು ಉಗ್ರ ಬಗೆಯ ಸೂಚನೆಯಾಗಬಹುದು.

ಅನಂತರ ಸಿ.ಟಿ. ಅಥವಾ ಎಂ.ಆರ್.ಐ.; ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಎದೆಯ ಸಿ.ಟಿ. ಕೊನೆಗೆ ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಮಣಿದು ಅನೇಕರು ಇದನ್ನು ತಪ್ಪಿಸಲು ನೋಡುತ್ತಾರೆ. ಗಡ್ಡೆಯ ಬಗೆ ಖಚಿತವಾಗುವುದು ಇದರಿಂದಲೇ. ಸಿಸ್ಪ್ಲಾಟಿನ್ ಔಷಧ, ಶಸ್ತ್ರಚಿಕಿತ್ಸೆ ಎರಡೂ ಸಕಾಲದಲ್ಲಿ ದೊರೆತು ಗಡ್ಡೆಯನ್ನು ಪೂರ್ತಿ ತೆಗೆಯಲಾದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ.

ಮಕ್ತಲ್, ಗದ್ವಾಲ್ ಕಡೆಯವರಿಗೆ ರಾಯಚೂರು ಹತ್ತಿರ, ನಾರಾಯಣಪೇಟೆಯವರು ಮಹಬೂಬನಗರಕ್ಕೂ ಹೋಗಬಹುದು. ಸ್ಕ್ಯಾನಿಂಗ್ ಎಲ್ಲಿಯೇ ಆಗಲಿ, ಮುಂದಿನ ಚಿಕಿತ್ಸೆಗೆ ಹೈದರಾಬಾದಿನ ನಿಲೋಫರ್ ಮಕ್ಕಳ ಆಸ್ಪತ್ರೆ, ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗಳು ಸರ್ಕಾರದವೇ ಇವೆ. ತೆಲಂಗಾಣದ ಆರೋಗ್ಯಶ್ರೀ ಮಿತಿ 2023ರ ಡಿಸೆಂಬರಿನಿಂದ 10 ಲಕ್ಷ ರೂಪಾಯಿ. ಗಡಿ ದಾಟಿ ದಾಖಲಾಗುವ ಮುನ್ನ ಆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಎಷ್ಟು ಊರು ಅಲೆದರೂ ಮೊದಲನೆಯ ಎ.ಎಫ್.ಪಿ. ವರದಿಯನ್ನು ಕಳೆದುಕೊಳ್ಳಬಾರದು; ಔಷಧ ಫಲಿಸುತ್ತಿದೆಯೇ ಎಂದು ವೈದ್ಯರು ಮುಂದೆ ಹೋಲಿಸಿ ನೋಡುವುದು ಆ ಸಂಖ್ಯೆಯ ಜೊತೆಗೇ.