ಅತಿಮಾನವನ ಪಾತ್ರಧಾರಿಗಳು

ಈಚೆಗೆ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಹತ್ತನೆಯ ತರಗತಿಯ ಇಬ್ಬರು ಹುಡುಗರು ವಾದ ಮಾಡಿಕೊಂಡು ನನ್ನ ಬಳಿಗೆ ಬಂದರು. ಒಂದೇ ಬೆಂಚಿನಲ್ಲಿ ಕೂರುವ ಗೆಳೆಯರು. ಅಂದು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ವಿವಾದ ಇಷ್ಟೆ: ಅಮೆರಿಕದ ಕಾಮಿಕ್ಸ್ ಕಥೆಗಳ ಸೂಪರ್‌ಮ್ಯಾನನನ್ನು ತೆರೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿದ ನಟನು ಯಾರು? ಹೆನ್ರಿ ಕ್ಯಾವಿಲ್ ಎಂದು ಒಬ್ಬನ ಪಕ್ಷ. ಆ ನಟನ ತೋಳು, ಎದೆಗಳೇ ಅವನಿಗೆ ಸಾಕ್ಷಿ. ತನ್ನ ತಂದೆ ಚಿಕ್ಕಂದಿನಲ್ಲಿ ನೋಡಿ ಮೆಚ್ಚಿದ ಕ್ರಿಸ್ಟೋಫರ್ ರೀವ್ ಎಂದು ಮತ್ತೊಬ್ಬನ ಪಕ್ಷ. ನಾನು ನಕ್ಕು, “ಹೋಗಿರಯ್ಯ, ಮೊದಲು ಸಮಾಸ ಓದಿಕೊಳ್ಳಿ” ಎಂದು ಕಳುಹಿಸಿಬಿಟ್ಟೆ. ಬಾಗಿಲ ಬಳಿ ನಿಂತು ಒಬ್ಬನು, “ನೀವು ಆ ಸಿನಿಮಾಗಳನ್ನು ನೋಡಿದ್ದೀರಾ, ಸಾರ್?” ಎಂದು ಕೇಳಿದ. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ನಾನು ನೋಡಿರಲಿಲ್ಲ. ಪದ್ಯವನ್ನು ಓದದೆ ಸಾರಾಂಶ ಬರೆಯುವ ವಿದ್ಯಾರ್ಥಿಗೆ ನಾನು ಕೊಡುವ ಅಂಕ ಎಷ್ಟೆಂಬುದು ಅವರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ರಜದಲ್ಲಿ ಆ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಅವುಗಳ ಚರಿತ್ರೆಯನ್ನೂ ತಿಳಿದುಕೊಂಡೆ. ಹುಡುಗರ ಪ್ರಶ್ನೆ ಹುಡುಗಾಟದ್ದಲ್ಲವೆಂದು ಆಗ ತೋರಿತು. ನಿಮ್ಮ ಮನೆಯಲ್ಲಿಯೂ ಇಂಥ ವಾದಗಳು ನಡೆಯುತ್ತಿರಬಹುದು. ಅದಕ್ಕೆ ಉತ್ತರ ಹುಡುಕುವ ಬಗೆಯೊಂದನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಪಾತ್ರವನ್ನು ತಿಳಿಯಬೇಕು. ಜೆರಿ ಸೀಗೆಲ್ ಕಥೆ ಬರೆದು, ಜೋ ಶಸ್ಟರ್ ಚಿತ್ರ ಬಿಡಿಸಿ, ಅಮೆರಿಕದ ಈ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡ. ಬೇರೊಂದು ಗ್ರಹದಲ್ಲಿ ಹುಟ್ಟಿ, ಭೂಮಿಯಲ್ಲಿ ಬೆಳೆದವನು, ಅಪಾರ ಬಲಶಾಲಿ. ಆದರೆ ಹಗಲಿನಲ್ಲಿ ಆತ ಕ್ಲಾರ್ಕ್ ಕೆಂಟ್ ಎಂಬ ಪತ್ರಿಕಾ ವರದಿಗಾರ. ಕನ್ನಡಕ ಹಾಕಿದ, ಸಂಕೋಚದ ಮನುಷ್ಯ. ಮಾರುವೇಷದ ವೀರ ನಮಗೆ ಹೊಸಬನಲ್ಲ. ವಿರಾಟನ ಅರಮನೆಯಲ್ಲಿ ಭೀಮನು ವಲಲನಾಗಿ ಸೌಟು ಹಿಡಿದದ್ದನ್ನೂ, ಅರ್ಜುನನು ಬೃಹನ್ನಳೆಯಾಗಿ ನಾಟ್ಯ ಕಲಿಸಿದ್ದನ್ನೂ ಬಲ್ಲೆವು. ಪಾಂಡವರಿಗೆ ಅದು ಒಂದು ವರ್ಷದ ಅಜ್ಞಾತವಾಸ, ಈತನಿಗಾದರೋ ಜೀವಮಾನದ್ದು. ಆದ್ದರಿಂದ ಈ ಭೂಮಿಕೆಯನ್ನು ಒಪ್ಪಿಕೊಂಡ ನಟನು ಒಂದೇ ದೇಹದಲ್ಲಿ ಇಬ್ಬರಾಗಬೇಕು. ಒಬ್ಬನು ಮತ್ತೊಬ್ಬನೆಂದು ಕಥೆಯ ಜನರಿಗೆ ತಿಳಿಯಬಾರದು. ನೋಡುವ ನಮಗೆ ಮಾತ್ರ ತಿಳಿಯುತ್ತಿರಬೇಕು. ಕಷ್ಟವಿರುವುದು ಇಲ್ಲಿ.

ನಮ್ಮ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಅಂಗಗಳ ಚಲನೆಯಿಂದ ಆಗುವುದು ಆಂಗಿಕ. ಮಾತಿನಿಂದ ಆಗುವುದು ವಾಚಿಕ. ವೇಷಭೂಷಣಗಳಿಂದ ಆಗುವುದು ಆಹಾರ್ಯ. ಒಳಗಿನ ಭಾವವು ಕಣ್ಣೀರು, ನಡುಕ, ಮುಖದ ಬಣ್ಣಗಳಲ್ಲಿ ಹೊರಕ್ಕೆ ತೋರುವುದು ಸಾತ್ತ್ವಿಕ. ಅತಿಮಾನವನ ಚಿತ್ರವೆಂದೊಡನೆ ನಮ್ಮ ಕಣ್ಣು ಆಹಾರ್ಯದ ಮೇಲೆ ಬೀಳುತ್ತದೆ: ಕೆಂಪು ಹೊದಿಕೆ, ಎದೆಯ ಮೇಲಿನ ಅಕ್ಷರ, ಮುಖವಾಡ. ಹುಡುಗರು ವಾದ ಮಾಡಿದ್ದೂ ಅದನ್ನು ಕುರಿತೆ. ಆದರೆ ಉಳಿದ ಮೂರನ್ನು ತೂಗದೆ ತೀರ್ಪು ಕೊಡಲಾಗದು.

ಇದಕ್ಕೆ ಪ್ರಬಲವಾದ ಸಾಕ್ಷ್ಯ ದೊರೆಯುವುದು ರೇಡಿಯೋದಲ್ಲಿ. ಸೂಪರ್‌ಮ್ಯಾನನನ್ನು ಜೀವಂತ ನಟನೊಬ್ಬನು ಬೆಳ್ಳಿತೆರೆಯ ಮೇಲೆ ಆಡಿ ತೋರಿಸುವ ಎಂಟು ವರ್ಷ ಮೊದಲೇ, 1940ರ ಫೆಬ್ರುವರಿಯಲ್ಲಿ, ನ್ಯೂಯಾರ್ಕಿನಿಂದ ಅವನ ಸಾಹಸಗಳ ಧಾರಾವಾಹಿ ಬಾನುಲಿಯಲ್ಲಿ ಆರಂಭವಾಯಿತು. ದನಿ ಕೊಟ್ಟವನು ಬಡ್ ಕಾಲಿಯರ್. ರೇಡಿಯೋದಲ್ಲಿ ಹೊದಿಕೆಯಿಲ್ಲ, ತೋಳಿಲ್ಲ, ಕನ್ನಡಕವೂ ಇಲ್ಲ. ಕೆಂಟನ ಮಾತನ್ನು ಆತ ತುಸು ತೆಳ್ಳಗೆ, ಮೇಲಿನ ಸ್ವರದಲ್ಲಿ ಆಡುತ್ತಿದ್ದ. ಇನ್ನು ಸೂಪರ್‌ಮ್ಯಾನನ ಕೆಲಸವೆಂದು ಹೇಳುವ ವಾಕ್ಯದ ನಡುವೆಯೇ ದನಿಯನ್ನು ಕೆಳಕ್ಕೆ ಇಳಿಸುತ್ತಿದ್ದ. ಆ ಒಂದು ಇಳಿತದಲ್ಲಿ ವರದಿಗಾರ ಮರೆಯಾಗಿ ವೀರನು ನಿಲ್ಲುತ್ತಿದ್ದ. ಕೇಳುಗನ ಮನಸ್ಸು ಉಡುಪನ್ನು ತಾನೇ ತೊಡಿಸಿಕೊಳ್ಳುತ್ತಿತ್ತು. ಅವನನ್ನು ನಿರ್ಬಲನನ್ನಾಗಿಸುವ ‘ಕ್ರಿಪ್ಟೊನೈಟ್’ ಎಂಬ ಶಿಲೆ ಕೂಡ ಮೊದಲು ಬಂದದ್ದು 1943ರ ಬಾನುಲಿ ಪ್ರಸಾರದಲ್ಲಿಯೆ. ಪುಸ್ತಕದೊಳಕ್ಕೆ ಅದು ಹೋದದ್ದು ಆಮೇಲೆ. ವಾಚಿಕವೊಂದರಿಂದಲೇ ಈ ಪಾತ್ರವನ್ನು ನಿಲ್ಲಿಸಬಹುದೆಂಬುದು ಹೀಗೆ ಸಿದ್ಧವಾಯಿತು.

1948ರಲ್ಲಿ ಕೊಲಂಬಿಯಾ ಸಂಸ್ಥೆ ಹದಿನೈದು ಕಂತುಗಳ ಚಿತ್ರಮಾಲೆಯೊಂದನ್ನು ತೆಗೆಯಿತು. ಅದರಲ್ಲಿ ನಾಯಕನಾದವನು ಕರ್ಕ್ ಆ್ಯಲಿನ್. ಸೂಪರ್‌ಮ್ಯಾನನೇ ಸ್ವತಃ ಬಂದು ನಟಿಸಿದನೆಂಬಂತೆ ಪ್ರಚಾರ ನಡೆಯಿತು. ನಟನ ಹೆಸರು ಹಿಂದೆ ಸರಿಯಿತು. ಹಾರುವ ದೃಶ್ಯ ಬಂದಾಗ ಆ್ಯಲಿನ್ ಮರೆಯಾಗಿ ಕೈಯಲ್ಲಿ ಬರೆದ ವ್ಯಂಗ್ಯಚಿತ್ರ ಹಾರುತ್ತಿತ್ತು. ಇಂದು ನೋಡಿದರೆ ನಗು ಬರುತ್ತದೆ. ಆದರೆ ಆತನ ಹೆಜ್ಜೆಯ ಲಘುತ್ವವನ್ನು ಗಮನಿಸಿ: ನೆಲ ಆತನನ್ನು ಹಿಡಿದಿಟ್ಟಿಲ್ಲವೆಂಬ ಭಾವನೆ ಬರುತ್ತದೆ. ಆಂಗಿಕದಲ್ಲಿ ಆ್ಯಲಿನ್ ಗೆದ್ದ. ಕೆಂಟನಿಗೂ ವೀರನಿಗೂ ದನಿಯಲ್ಲಿ ದೊಡ್ಡ ಅಂತರವನ್ನೇನೂ ತೋರಲಿಲ್ಲ.

ಆತನ ಬಳಿಕ ಬಂದವನು ಜಾರ್ಜ್ ರೀವ್ಸ್; 1951ರಲ್ಲಿ ಒಂದು ಚಿತ್ರ, ಅನಂತರ 1952ರಿಂದ 1958ರವರೆಗೆ ಟೆಲಿವಿಷನ್ನಿನಲ್ಲಿ 104 ಕಂತುಗಳು. ಆರಂಭದ ಕಂತುಗಳು ಕಪ್ಪುಬಿಳುಪಿನವು. ಛಾಯಾಗ್ರಹಣಕ್ಕೆ ಒಗ್ಗಲೆಂದು ನೀಲಿ ಕೆಂಪುಗಳ ಬದಲು ಬೂದು, ಕಂದು ಬಣ್ಣದ ಉಡುಪು ಹಾಕಿಸಿದ್ದರು. ಎದೆ, ಭುಜಗಳಿಗೆ ಒಳಗಿನಿಂದ ಮೆತ್ತೆ. ಇಷ್ಟರ ಮೇಲೂ ಜನ ನಂಬಿದರು. ಏಕೆ? ರೀವ್ಸನ ಕೆಂಟ್ ಹೇಡಿಯಲ್ಲ. ದಿಟ್ಟವಾಗಿ ಪ್ರಶ್ನೆ ಕೇಳುವ, ತಣ್ಣಗೆ ನಗುವ ವರದಿಗಾರ. ಇಬ್ಬರ ನಡುವಣ ಅಂತರವನ್ನು ಕಿರಿದಾಗಿಸಿ, ಇಬ್ಬರಲ್ಲಿಯೂ ಒಂದೇ ಸಜ್ಜನಿಕೆಯನ್ನು ಇಟ್ಟ. ಹಿರಿಯಣ್ಣನೊಬ್ಬನು ಮನೆಗೆ ಬಂದಂತೆ ಮಕ್ಕಳಿಗೆ ಧೈರ್ಯವಾಗುತ್ತಿತ್ತು. ಇದೂ ಒಂದು ಮಾರ್ಗವೆ.

ಮತ್ತೊಂದು ಮಾರ್ಗವನ್ನು ತೋರಿಸಿದವನು ಕ್ರಿಸ್ಟೋಫರ್ ರೀವ್. ಹೆಸರುಗಳು ಹತ್ತಿರವಾದರೂ ಇಬ್ಬರಿಗೂ ನೆಂಟತನವಿಲ್ಲ. 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ಚಿತ್ರಕ್ಕೆ ಆತ ಆಯ್ಕೆಯಾದಾಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ರಂಗನಟ. ಮೈ ತೆಳ್ಳಗಿತ್ತು, ಉಡುಪಿನೊಳಗೆ ಮೆತ್ತೆ ಬೇಡವೆಂದು ಹೇಳಿ, ವ್ಯಾಯಾಮದಿಂದಲೇ ಮೈ ಬೆಳೆಸಿದ. ಕೆಂಟನಿಗಾಗಿ ಆತ ಆರಿಸಿಕೊಂಡ ಮಾದರಿ ಯಾವ ವೀರನದೂ ಅಲ್ಲ. 1938ರ ಹಾಸ್ಯಚಿತ್ರವೊಂದರಲ್ಲಿ ಕ್ಯಾರಿ ಗ್ರಾಂಟ್ ಅಭಿನಯಿಸಿದ ತಬ್ಬಿಬ್ಬುಗೊಳ್ಳುವ ವಿದ್ವಾಂಸ.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಲೋಯಿಸ್ ಲೇನ್ ಎಂಬ ಸಹೋದ್ಯೋಗಿಯ ಮನೆಗೆ ಕೆಂಟ್ ಬಂದಿದ್ದಾನೆ. ಆಕೆ ಒಳಕೋಣೆಗೆ ಹೋಗುತ್ತಾಳೆ. ನಿಜವನ್ನು ಹೇಳಿಬಿಡೋಣವೆಂದು ಆತನಿಗೆ ಅನಿಸುತ್ತದೆ. ಕನ್ನಡಕ ತೆಗೆಯುತ್ತಾನೆ. ಗೂನಿದ್ದ ಬೆನ್ನು ನೆಟ್ಟಗಾಗುತ್ತದೆ, ಭುಜ ಅಗಲವಾಗುತ್ತದೆ, ಕತ್ತು ಉದ್ದವಾಗುತ್ತದೆ, ದನಿ ಆಳಕ್ಕಿಳಿಯುತ್ತದೆ. ಮರುಕ್ಷಣ ಧೈರ್ಯ ಸಾಲದೆ ಹೋಗುತ್ತದೆ. ಕನ್ನಡಕ ಮತ್ತೆ ಮೂಗಿಗೇರುತ್ತದೆ. ಎತ್ತರದ ಆಳು ಕಣ್ಣೆದುರಿಗೆ ಕುಗ್ಗುತ್ತಾನೆ. ಯಂತ್ರದ ಚಮತ್ಕಾರ ಒಂದೂ ಇಲ್ಲ, ಉಡುಪು ಬದಲಾಗಿಲ್ಲ. ಆಂಗಿಕ, ವಾಚಿಕ, ಸಾತ್ತ್ವಿಕಗಳು ಒಂದಾಗಿ ಕೆಲಸ ಮಾಡಿವೆ. ಭೂಮಿಯನ್ನೇ ಎತ್ತಬಲ್ಲವನು ಒಂದು ಮಾತನ್ನು ಎತ್ತಲಾರದೆ ಸೋಲುವುದನ್ನು ಇಲ್ಲಿ ನೋಡುತ್ತೇವೆ. ಹಾರಾಟದ ದೃಶ್ಯಗಳಿಗಾಗಿ ಆ ಚಿತ್ರಕ್ಕೆ ಆಸ್ಕರ್ ಗೌರವ ಸಂದದ್ದು ನ್ಯಾಯವೆ; ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಈ ಅರೆನಿಮಿಷ.

ಇದೇ ಅಳತೆ ಬೇರೆ ವೀರರಿಗೂ ಒಪ್ಪುತ್ತದೆಯೆ? 1939ರಲ್ಲಿ ಬಾಬ್ ಕೇನ್, ಬಿಲ್ ಫಿಂಗರ್ ಇಬ್ಬರಿಂದ ಹುಟ್ಟಿದ ಬ್ಯಾಟ್‌ಮ್ಯಾನನನ್ನು ತೆಗೆದುಕೊಳ್ಳೋಣ. ಈತನಿಗೆ ದಿವ್ಯಶಕ್ತಿಯಿಲ್ಲ, ಬಾಲ್ಯದಲ್ಲಿ ತಂದೆತಾಯಿಯರ ಕೊಲೆಯನ್ನು ಕಣ್ಣಾರೆ ಕಂಡ ಬ್ರೂಸ್ ವೇಯ್ನ್ ಎಂಬ ಸಿರಿವಂತ. 1966ರಿಂದ 1968ರವರೆಗೆ ಟೆಲಿವಿಷನ್ನಿನಲ್ಲಿ ಆ್ಯಡಮ್ ವೆಸ್ಟ್ ಈ ಪಾತ್ರವನ್ನು ಹಾಸ್ಯರಸಕ್ಕೆ ತಿರುಗಿಸಿದ. ಎಂಥ ಅಸಂಬದ್ಧ ಮಾತನ್ನಾದರೂ ಧರ್ಮಶಾಸ್ತ್ರ ಹೇಳುವವನ ಗಾಂಭೀರ್ಯದಿಂದ ಆಡುವುದು ಆತನ ಗುಟ್ಟು. ತಾನು ನಗುವ ನಟ ಸುಲಭವಾಗಿ ಸಿಕ್ಕಾನು. ತಾನು ನಗದೆ ನಗಿಸುವವನು ವಿರಳ.

1989ರ ಚಿತ್ರಕ್ಕೆ ಟಿಮ್ ಬರ್ಟನ್ ಹಾಸ್ಯಪಾತ್ರಗಳಿಗೆ ಹೆಸರಾಗಿದ್ದ ಮೈಕೆಲ್ ಕೀಟನ್‌ನನ್ನು ಆರಿಸಿದಾಗ ಅಭಿಮಾನಿಗಳಿಂದ ಪ್ರತಿಭಟನೆಯ ಪತ್ರಗಳು ಸಾವಿರಗಟ್ಟಲೆ ಬಂದವು. ಮೈಕಟ್ಟಿಲ್ಲ, ಎತ್ತರವಿಲ್ಲ ಎಂಬ ದೂರು. ರಬ್ಬರಿನ ಮುಖವಾಡವಾದರೋ ಕತ್ತು ತಿರುಗಿಸಗೊಡದಷ್ಟು ಬಿಗಿ. ಕೀಟನ್ ಆ ತೊಡಕನ್ನೇ ಅಭಿನಯವನ್ನಾಗಿ ಮಾಡಿಕೊಂಡ: ಅಲುಗಾಡದೆ ನಿಲ್ಲುವುದು, ತಿರುಗಿದರೆ ಇಡೀ ಮೈ ತಿರುಗುವುದು, ಮಾತು ಪಿಸುಗುಟ್ಟುವಷ್ಟು ಮೆಲ್ಲಗೆ. ಮುಖವಾಡ ಕಳಚಿದಾಗ ಸ್ವಂತ ಮನೆಯಲ್ಲಿಯೇ ಅತಿಥಿಯಂತೆ ಓಡಾಡುವ, ಮರೆವಿನ ಮನುಷ್ಯ. ಚಿತ್ರ ಬಂದ ಮೇಲೆ ಪತ್ರ ಬರೆದವರಲ್ಲಿ ಬಹಳ ಮಂದಿ ಸುಮ್ಮನಾಗಬೇಕಾಯಿತು.

2005, 2008, 2012ರ ಮೂರು ಚಿತ್ರಗಳಲ್ಲಿ ಕ್ರಿಶ್ಚಿಯನ್ ಬೇಲ್ ಇಬ್ಬರನ್ನಲ್ಲ, ಮೂವರನ್ನು ಅಭಿನಯಿಸಿದ: ಊರಿನ ಕಣ್ಣಿಗೆ ಸೊಕ್ಕಿನ ಸಿರಿವಂತ, ಮುದಿ ಪರಿಚಾರಕನ ಮುಂದೆ ನೊಂದ ಮಗ, ಮುಖವಾಡದೊಳಗೆ ಗೊಗ್ಗರು ದನಿಯ ಭೀಕರ ಮೂರ್ತಿ. ಮೊದಲನೆಯ ಚಿತ್ರದಲ್ಲಿ ಅತಿಥಿಗಳ ಪ್ರಾಣ ಉಳಿಸುವುದಕ್ಕಾಗಿ ಕುಡಿದವನಂತೆ ನಟಿಸಿ ಅವರನ್ನು ಬೈದು ಹೊರಗಟ್ಟುವ ದೃಶ್ಯ ಒಂದೇ ಸಾಕು. ಆದರೆ ಆ ಗೊಗ್ಗರು ದನಿ ದೀರ್ಘ ಸಂಭಾಷಣೆಗಳಲ್ಲಿ ಮಾತನ್ನೇ ನುಂಗುತ್ತದೆ. ವಾಚಿಕದಲ್ಲಿ ಇದು ದೋಷವೆಂದೇ ನನ್ನ ಮತ.

ಇನ್ನು ನಮ್ಮ ಮೊದಲನೆಯ ಹುಡುಗನ ಕ್ಯಾವಿಲ್. 2013ರ ಚಿತ್ರದಲ್ಲಿ ಕನ್ನಡಕದ ವರದಿಗಾರ ಕಾಣಿಸಿಕೊಳ್ಳುವುದೇ ಕಡೆಯಲ್ಲಿ. ಇಬ್ಬರಾಗುವ ಪರೀಕ್ಷೆಗೆ ಕಥೆಯೇ ಆತನನ್ನು ಕೂರಿಸಲಿಲ್ಲ. ಆದರೂ ಅನ್ಯಾಯ ಮಾಡಬಾರದು. ಬೇರೆ ದಾರಿಯಿಲ್ಲದೆ ಶತ್ರುವನ್ನು ಕೈಯಾರೆ ಕೊಂದಾಗ ಆತನಿಂದ ಹೊರಡುವ ಕೂಗಿನಲ್ಲಿ ಗೆಲುವಿನ ಲೇಶವೂ ಇಲ್ಲ, ಪಾಪಭಾರವಿದೆ. ಅದು ತೋಳಿನಿಂದ ಬಂದದ್ದಲ್ಲ. 2025ರ ಚಿತ್ರದ ಡೇವಿಡ್ ಕೋರೆನ್ಸ್‌ವೆಟ್ ತನ್ನನ್ನು ಪ್ರಶ್ನಿಸುವ ಲೋಯಿಸಳ ಮುಂದೆ ತಾಳ್ಮೆಗೆಟ್ಟು ದನಿಯೇರಿಸುತ್ತಾನೆ. ಮೆಚ್ಚಿಸಬೇಕೆಂಬ ಆಸೆಯೂ ನೊಂದ ಅಭಿಮಾನವೂ ಒಟ್ಟಿಗೆ ಕಾಣುತ್ತವೆ. ಇಬ್ಬರಲ್ಲಿಯೂ ಒಳ್ಳೆಯ ಕ್ಷಣಗಳು ಹಾರಾಟದಲ್ಲಿಲ್ಲ, ನೆಲದ ಮೇಲಿವೆ.

ಈ ಪಾತ್ರಗಳಿಗೆ ನಟರು ತೆತ್ತ ಬೆಲೆಯನ್ನೂ ನೆನೆಯಬೇಕು. ಆ್ಯಲಿನ್, ರೀವ್ಸ್ ಇಬ್ಬರಿಗೂ ಈ ವೇಷ ಮೈಗೆ ಅಂಟಿಕೊಂಡು ಬೇರೆ ಪಾತ್ರಗಳು ದುರ್ಲಭವಾದವು. 1959ರ ಜೂನ್ ತಿಂಗಳಲ್ಲಿ ಜಾರ್ಜ್ ರೀವ್ಸ್ ತನ್ನ ಮನೆಯಲ್ಲಿ ಗುಂಡೇಟಿನಿಂದ ತೀರಿಕೊಂಡ; ವಯಸ್ಸು 45. ಆತ್ಮಹತ್ಯೆಯೆಂದು ದಾಖಲಾಯಿತು, ಸಂಶಯಗಳೂ ಉಳಿದವು. ಎದೆಗೆ ಗುಂಡು ತಗುಲಿದರೂ ನಗುತ್ತ ನಿಲ್ಲುತ್ತಿದ್ದವನನ್ನು ವಾರವಾರ ನೋಡಿದ್ದ ಮಕ್ಕಳಿಗೆ ಆ ಸುದ್ದಿಯನ್ನು ಹೇಗೆ ಹೇಳಿದರೋ!

ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯ ಮೇಲಿಂದ ಬಿದ್ದು, ಕತ್ತಿನಿಂದ ಕೆಳಗೆ ಚಲನೆಯನ್ನು ಕಳೆದುಕೊಂಡ. ಉಸಿರಾಟಕ್ಕೂ ಯಂತ್ರ ಬೇಕಾಯಿತು. ಯಂತ್ರ ಉಸಿರು ಕೊಟ್ಟಾಗ ಮಾತ್ರ ಮಾತು. ಬೆನ್ನುಹುರಿಯ ಚಿಕಿತ್ಸೆಯ ಸಂಶೋಧನೆಗಾಗಿ 2004ರಲ್ಲಿ ತೀರಿಕೊಳ್ಳುವವರೆಗೂ ದುಡಿದ. ನಡುವೆ, 1998ರಲ್ಲಿ, ‘ರಿಯರ್ ವಿಂಡೋ’ ಎಂಬ ಟೆಲಿವಿಷನ್ ಚಿತ್ರದಲ್ಲಿ ಗಾಲಿಕುರ್ಚಿಯಲ್ಲಿಯೇ ಕುಳಿತು ನಾಯಕನಾಗಿ ಅಭಿನಯಿಸಿ, ಅಮೆರಿಕದ ನಟರ ಸಂಘದ ಪ್ರಶಸ್ತಿ ಪಡೆದ. ಆಹಾರ್ಯ ಹೋಗಿತ್ತು, ಆಂಗಿಕವೂ ಹೋಗಿತ್ತು. ಮುಖ, ದನಿ, ಭಾವ ಇಷ್ಟೇ ಉಳಿದಿದ್ದವು. ಅಷ್ಟರಲ್ಲಿಯೇ ಆತ ನಟನಾಗಿದ್ದ.

ಶಾಲೆ ತೆರೆದ ಮೇಲೆ ಆ ಹುಡುಗರಿಬ್ಬರನ್ನೂ ಕರೆಸಿ, ನೋಡದೆ ಮಾತನಾಡಿದ್ದು ನನ್ನ ತಪ್ಪೆಂದು ಮೊದಲು ಹೇಳಿದೆ. ನನ್ನ ಮತ ರೀವ್‌ಗೆ. ಕಾರಣಗಳನ್ನು ಮೇಲೆ ಹೇಳಿದ್ದೇನೆ. ಕ್ಯಾವಿಲ್ ಪಕ್ಷದವನು ಒಪ್ಪಲಿಲ್ಲ. “ಆ ಕೂಗು ಇದೆಯಲ್ಲ, ಸಾರ್, ಅದಕ್ಕೆ ಎಷ್ಟು ಅಂಕ?” ಎಂದು ಕೇಳಿದ. ತೋಳನ್ನು ಬಿಟ್ಟು ಕೂಗಿಗೆ ಬಂದನಲ್ಲ ಎಂದು ನನಗೆ ಸಂತೋಷವಾಯಿತು.

ನಿಮ್ಮ ಮನೆಯಲ್ಲಿ ಇಂಥ ವಾದ ಹುಟ್ಟಿದರೆ ಮಕ್ಕಳನ್ನು ಗದರಿಸಬೇಡಿ. ಚಿತ್ರದ ಒಂದು ದೃಶ್ಯವನ್ನು ಕಣ್ಣು ಮುಚ್ಚಿ ಕೇಳುವಂತೆ ಹೇಳಿ, ಆಮೇಲೆ ದನಿ ನಿಲ್ಲಿಸಿ ನೋಡುವಂತೆ ಹೇಳಿ. ಈಗ ಮಾತನಾಡಿದವನು ಕೆಂಟನೊ, ಸೂಪರ್‌ಮ್ಯಾನನೊ ಎಂದು ಕೇಳಿ. ರೇಡಿಯೋ ನಾಟಕ ಕೇಳಿ ಬೆಳೆದ ಮನೆಗೆ ಈ ಪರೀಕ್ಷೆ ಕಷ್ಟವೇನಲ್ಲ.